ವಾಯು, ಕಾಲ ಮತ್ತು ಜನಾರೋಗ್ಯ: ಹವಾಮಾನ ನೀತಿಗಳಿಂದ ನಮ್ಮ ಉಸಿರಿಗೆ ಆಗುವ ಲಾಭವೇನು?



ಆಯುರ್ವೇದದಲ್ಲಿ ಚಿಕಿತ್ಸೆ ಎಂಬುದು ವ್ಯಕ್ತಿಯನ್ನು ನೋಡಿ ನಿರ್ಧಾರವಾಗುವಂಥದು. ಒಬ್ಬರದು ವಾತ ಪ್ರಕೃತಿ, ಮತ್ತೊಬ್ಬರದು ಪಿತ್ತ, ಇನ್ನೊಬ್ಬರದು ಕಫ. ವಯಸ್ಸು, ಬಲ, ಆಹಾರ, ಜಠರಾಗ್ನಿ, ಮನೋಧರ್ಮ ಇವೆಲ್ಲ ಪ್ರತಿಯೊಬ್ಬರಲ್ಲೂ ಬೇರೆ ಬೇರೆ. ಹೀಗಿರುವಾಗ ಒಂದು ನಾಡಿನ ಜನರೆಲ್ಲ ಒಂದೇ ಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ಪ್ರಾಚೀನ ಆಚಾರ್ಯರು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ ಎಂದು ಹೆಸರು. ಜನಪದಗಳ ನಾಶಕ್ಕೆ ಕಾರಣವಾಗುವ ವಿಷಯಗಳನ್ನು ಕುರಿತ ಅಧ್ಯಾಯವಿದು. ಗಂಗಾತೀರದ ಕಾಂಪಿಲ್ಯ ನಗರದ ಸಮೀಪದಲ್ಲಿ ಪುನರ್ವಸು ಆತ್ರೇಯರು ತಮ್ಮ ಶಿಷ್ಯ ಅಗ್ನಿವೇಶನಿಗೆ ನೀಡಿದ ಉಪದೇಶದ ರೂಪದಲ್ಲಿ ಇದು ಬಂದಿದೆ.

ಮನುಷ್ಯರ ಪ್ರಕೃತಿಗಳು ಬೇರೆಯಾದರೂ ಎಲ್ಲರಿಗೂ ಸಮಾನವಾದ ನಾಲ್ಕು ಸಂಗತಿಗಳಿವೆ ಎಂಬುದು ಆತ್ರೇಯರ ಉತ್ತರ. ಅವು ವಾಯು, ಉದಕ, ದೇಶ ಮತ್ತು ಕಾಲ. ಎಂದರೆ ಗಾಳಿ, ನೀರು, ನೆಲ ಮತ್ತು ಋತುಮಾನ. ಈ ನಾಲ್ಕು ಕೆಟ್ಟಾಗ ಎಲ್ಲ ಪ್ರಕೃತಿಯವರೂ ಒಟ್ಟಿಗೆ ಕೆಡುತ್ತಾರೆ. ಕೆಟ್ಟ ಗಾಳಿಯ ಲಕ್ಷಣಗಳನ್ನು ಹೇಳುವಾಗ ಶಾಸ್ತ್ರವು ಋತುವಿಗೆ ಹೊಂದದ ಗಾಳಿ, ಅತಿಯಾಗಿ ಬಿಸಿಯಾದ ಗಾಳಿ, ಅತಿಯಾಗಿ ಒಣಗಿದ ಗಾಳಿ ಇವುಗಳ ಜೊತೆಗೆ ಧೂಳು ಮತ್ತು ಹೊಗೆ ಬೆರೆತ ಗಾಳಿಯನ್ನೂ ಹೆಸರಿಸುತ್ತದೆ. ನಾಲ್ಕರಲ್ಲಿ ಒಂದಕ್ಕಿಂತ ಮುಂದಿನದನ್ನು ಪರಿಹರಿಸುವುದು ಹೆಚ್ಚು ಕಷ್ಟ ಎಂದೂ ಅಲ್ಲಿ ವಿವರಿಸಲಾಗಿದೆ. ಆ ಕ್ರಮದಲ್ಲಿ ವಾಯು ಮೊದಲನೆಯದು, ಕಾಲ ಕೊನೆಯದು. ಅರ್ಥಾತ್ ಕೆಟ್ಟ ಗಾಳಿಯನ್ನು ಸರಿಪಡಿಸುವುದಕ್ಕಿಂತ ಕೆಟ್ಟ ಋತುಮಾನವನ್ನು ಸರಿಪಡಿಸುವುದು ಬಹಳ ಕಠಿಣ.

ಇಂದು ಜಗತ್ತಿನಲ್ಲಿ ‘ಹವಾಮಾನ ಬದಲಾವಣೆ’ ಎಂದು ಕರೆಯುತ್ತಿರುವುದು ಈ ಕಾಲದೋಷವನ್ನೇ. ಮಳೆ ಬರಬೇಕಾದಾಗ ಬಾರದಿರುವುದು, ಬಂದಾಗ ಒಂದೇ ದಿನದಲ್ಲಿ ಸುರಿದು ಹೋಗುವುದು, ಬೇಸಗೆಯ ತಾಪ ಏರುತ್ತಿರುವುದು ಇವೆಲ್ಲ ನಮ್ಮ ರೈತರ ಅನುಭವಕ್ಕೆ ಬಂದಿರುವ ವಿಷಯಗಳು. ಇದನ್ನು ತಡೆಯಲು ಸರಕಾರಗಳು ಅನೇಕ ನೀತಿಗಳನ್ನು ರೂಪಿಸುತ್ತಿವೆ. ಈ ನೀತಿಗಳು ದೊಡ್ಡವರ ಮಾತು, ಪರದೇಶದ ಸಮ್ಮೇಳನಗಳ ವಿಷಯ, ನಮ್ಮ ಆರೋಗ್ಯಕ್ಕೂ ಅವಕ್ಕೂ ಏನು ಸಂಬಂಧ ಎಂದು ಅನೇಕರು ಕೇಳುತ್ತಾರೆ. ಸಂಬಂಧ ಬಹಳ ಹತ್ತಿರದ್ದು. ಅದು ನಮ್ಮ ಅಡುಗೆಮನೆಯ ಒಲೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಒಂದೇ ಬೆಂಕಿ, ಎರಡು ದೋಷ

ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್, ಕಟ್ಟಿಗೆ, ಬೆರಣಿ, ಬೆಳೆಯ ಕಸ ಇವುಗಳಲ್ಲಿ ಯಾವುದನ್ನು ಉರಿಸಿದರೂ ಎರಡು ಬಗೆಯ ವಸ್ತುಗಳು ಹೊರಬರುತ್ತವೆ. ಮೊದಲನೆಯದು ಇಂಗಾಲದ ಡೈಆಕ್ಸೈಡ್. ಇದು ಕಣ್ಣಿಗೆ ಕಾಣದು, ವಾಸನೆಯಿಲ್ಲ, ಹೊರಗಿನ ಗಾಳಿಯಲ್ಲಿರುವ ಪ್ರಮಾಣದಲ್ಲಿ ಉಸಿರಾಡಿದವರಿಗೆ ನೇರವಾಗಿ ರೋಗ ತರದು. ಆದರೆ ನೂರಾರು ವರ್ಷ ವಾತಾವರಣದಲ್ಲಿ ಉಳಿದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಕಾಲವನ್ನು ಕೆಡಿಸುವುದು ಇದು.

ಎರಡನೆಯದು ಹೊಗೆ ಮತ್ತು ಅದರೊಳಗಿನ ಸೂಕ್ಷ್ಮ ಕಣಗಳು. ಇದರಲ್ಲಿ ಮಸಿಯಿದೆ, ಬೂದಿಯಿದೆ, ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳಿವೆ. ಇವು ಬಹುಕಾಲ ಗಾಳಿಯಲ್ಲಿ ಉಳಿಯುವುದಿಲ್ಲ. ಮಸಿಯ ಕಣಗಳು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರಗಳಲ್ಲಿ ಮಳೆಯೊಂದಿಗೆ ಅಥವಾ ತಾವಾಗಿಯೇ ನೆಲಕ್ಕಿಳಿಯುತ್ತವೆ. ಆದರೆ ಅಷ್ಟರೊಳಗೆ ಸುತ್ತಲಿನ ಜನರ ಶ್ವಾಸಕೋಶಗಳನ್ನು ಹೊಕ್ಕಿರುತ್ತವೆ. ವಾಯುವನ್ನು ಕೆಡಿಸುವುದು ಇದು.

ಎರಡು ದೋಷಗಳ ಮೂಲ ಒಂದೇ ಆಗಿರುವುದರಿಂದ ಆ ಬೆಂಕಿಯನ್ನು ಕಡಿಮೆ ಮಾಡಿದರೆ ಎರಡಕ್ಕೂ ಪರಿಹಾರ ದೊರೆಯುತ್ತದೆ. ಆದರೆ ಫಲ ದೊರೆಯುವ ರೀತಿಯಲ್ಲಿ ಭೇದವಿದೆ. ಇಂಗಾಲದ ಡೈಆಕ್ಸೈಡ್ ಕಡಿಮೆಯಾದ ಫಲ ಇಡೀ ಭೂಮಂಡಲಕ್ಕೆ ಹಂಚಿಹೋಗುತ್ತದೆ, ಮತ್ತು ದಶಕಗಳ ನಂತರ ಕಾಣುತ್ತದೆ. ಹೊಗೆ ಕಡಿಮೆಯಾದ ಫಲ ಹೊಗೆ ನಿಂತ ಊರಿಗೇ, ಆ ವರ್ಷವೇ ದೊರೆಯುತ್ತದೆ. ಮುಂದಿನ ಪೀಳಿಗೆಗಾಗಿ ಇಂದು ನಾವು ತ್ಯಾಗ ಮಾಡಬೇಕು ಎಂಬ ಮಾತನ್ನು ಕೇಳಿ ಜನರು ಬೇಸರಗೊಳ್ಳುವುದುಂಟು. ವೈದ್ಯನ ದೃಷ್ಟಿಯಿಂದ ಹೇಳುವುದಾದರೆ ಈ ಕಾರ್ಯದಲ್ಲಿ ಮೊದಲ ಲಾಭ ನಮ್ಮದೇ, ನಮ್ಮ ಮನೆಯ ಮಕ್ಕಳದೇ ಆಗಿದೆ.

ಉಸಿರಿನೊಂದಿಗೆ ಒಳಗೆ ಹೋಗುವುದೇನು?

ಗಾಳಿಯ ಗುಣಮಟ್ಟವನ್ನು ಅಳೆಯುವಾಗ ‘ಪಿ.ಎಂ. 2.5’ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಾದ ಕಣಗಳು ಎಂದು ಇದರ ಅರ್ಥ. ನಮ್ಮ ತಲೆಗೂದಲಿನ ದಪ್ಪವನ್ನು ಮೂವತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ಮೂಗಿನ ಕೂದಲು, ಗಂಟಲಿನ ಕಫ ಇವು ದೊಡ್ಡ ಧೂಳನ್ನು ತಡೆಯಬಲ್ಲವು. ಇಷ್ಟು ಸಣ್ಣ ಕಣಗಳನ್ನು ತಡೆಯಲಾರವು. ಅವು ಶ್ವಾಸಕೋಶದ ಅತ್ಯಂತ ಒಳಗಿನ ಗಾಳಿಚೀಲಗಳವರೆಗೆ ಇಳಿಯುತ್ತವೆ, ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ.

ಪ್ರಾಣವಹ ಸ್ರೋತಸ್ಸು ಕೆಟ್ಟಾಗ ಕಾಸ, ಶ್ವಾಸಗಳು ಹುಟ್ಟುತ್ತವೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಶ್ವಾಸರೋಗದ ಕಾರಣಗಳನ್ನು ಎಣಿಸುವಾಗ ಚರಕರು ಧೂಳು ಮತ್ತು ಹೊಗೆಯನ್ನು ಮೊದಲಿನಲ್ಲೇ ಸೇರಿಸಿದ್ದಾರೆ. ಆಧುನಿಕ ವಿಜ್ಞಾನವು ಇದನ್ನು ಇನ್ನೂ ವಿಸ್ತರಿಸಿದೆ. ಅಸ್ತಮಾ ಮತ್ತು ದೀರ್ಘಕಾಲದ ಶ್ವಾಸಕೋಶದ ಅಡಚಣೆ ಮಾತ್ರವಲ್ಲದೆ ಹೃದಯಾಘಾತ, ಪಾರ್ಶ್ವವಾಯು, ಮಧುಮೇಹ, ಕಡಿಮೆ ತೂಕದ ಶಿಶುಗಳ ಜನನ ಇವುಗಳಿಗೂ ಕಲುಷಿತ ಗಾಳಿಗೂ ಸಂಬಂಧವಿರುವುದು ಸಿದ್ಧವಾಗಿದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊರಗಿನ ವಾಯುಮಾಲಿನ್ಯವನ್ನು ಕ್ಯಾನ್ಸರ್ ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ವರ್ಗದಲ್ಲಿ.

ಪ್ರಮಾಣದ ವಿಷಯ. ಒಂದು ಘನ ಮೀಟರ್ ಗಾಳಿಯಲ್ಲಿ ಈ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಮೀರಬಾರದೆಂದು 2009ರಿಂದ ನಮ್ಮ ದೇಶದ ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಮಿತಿಯನ್ನು 5 ಮೈಕ್ರೋಗ್ರಾಂಗೆ ಇಳಿಸಿತು. ‘ಗಾಳಿ ಮಿತಿಯೊಳಗಿದೆ’ ಎಂಬ ವರದಿಯನ್ನು ಓದುವಾಗ ಯಾವ ಮಿತಿ ಎಂದು ನಾವು ವಿಚಾರಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ ನಡೆಸಿದ ಅಧ್ಯಯನವು 2020ರ ಕೊನೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2019ರಲ್ಲಿ ನಮ್ಮ ದೇಶದಲ್ಲಿ ಸುಮಾರು 16.7 ಲಕ್ಷ ಮರಣಗಳಿಗೆ ವಾಯುಮಾಲಿನ್ಯ ಕಾರಣ. ಒಟ್ಟು ಮರಣಗಳಲ್ಲಿ ಇದು ಶೇಕಡ 17.8. ಅದೇ ಅಧ್ಯಯನದ ಇನ್ನೆರಡು ಅಂಶಗಳು ನಮಗೆ ಮುಖ್ಯ. 1990ರಿಂದ 2019ರವರೆಗೆ ಮನೆಯೊಳಗಿನ ಹೊಗೆಯಿಂದಾಗುವ ಮರಣದ ದರ ಶೇಕಡ 64ರಷ್ಟು ಇಳಿಯಿತು. ಹೊರಗಿನ ಸೂಕ್ಷ್ಮ ಕಣಗಳಿಂದಾಗುವ ಮರಣದ ದರ ಅದೇ ಅವಧಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಒಲೆ ಬದಲಾದ ಕಡೆ ಜೀವ ಉಳಿದಿದೆ. ಚಿಮಣಿ ಮತ್ತು ವಾಹನ ಹೆಚ್ಚಾದ ಕಡೆ ಜೀವ ಹೋಗಿದೆ.

ಅಡುಗೆಮನೆಯ ಹೊಗೆ

ನನ್ನ ಚಿಕಿತ್ಸಾಲಯಕ್ಕೆ ದಮ್ಮಿನ ತೊಂದರೆಯಿಂದ ಬರುವ ಐವತ್ತು ದಾಟಿದ ತಾಯಂದಿರು ಅನೇಕರು. ಅವರು ಬೀಡಿ ಮುಟ್ಟಿದವರಲ್ಲ, ಕಾರ್ಖಾನೆಯಲ್ಲಿ ದುಡಿದವರಲ್ಲ. ಆದರೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿ ಮಲಗಿದರೆ ಎದೆಯಲ್ಲಿ ಗೊರಗೊರ ಸದ್ದು. ಎಷ್ಟು ವರ್ಷ ಒಲೆಯ ಮುಂದೆ ಕುಳಿತಿರಿ ಎಂದು ಕೇಳಿದರೆ ಉತ್ತರ ದೊರೆಯುತ್ತದೆ. ಮದುವೆಯಾಗಿ ಬಂದಂದಿನಿಂದ ದಿನಕ್ಕೆ ಮೂರು ನಾಲ್ಕು ತಾಸು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬೆರಣಿ, ಮಳೆಗಾಲದಲ್ಲಿ ಹಸಿ ಸೌದೆ. ಕಿಟಕಿಯಿಲ್ಲದ ಅಡುಗೆಮನೆ. ಊದುಕೊಳವೆಯಿಂದ ಊದಿದಾಗಲೆಲ್ಲ ಹೊಗೆ ಮೊದಲು ಸೇರಿದ್ದು ಅವರ ಎದೆಗೆ, ನಂತರ ಮಡಿಲಲ್ಲಿದ್ದ ಮಗುವಿನ ಎದೆಗೆ.

ಈ ಹೊಗೆಯನ್ನು ಕಡಿಮೆ ಮಾಡುವ ಕಾರ್ಯದಲ್ಲಿ ಕರ್ನಾಟಕಕ್ಕೆ ಒಂದು ಹಿರಿಮೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಕಡಿಮೆ ಸೌದೆಯಲ್ಲಿ ಅಡುಗೆ ಮಾಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆ. ಹಳ್ಳಿಗಳಲ್ಲಿ ಹಿರಿಯರಿಗೆ ಅದರ ನೆನಪಿರಬಹುದು. ಉತ್ತರ ಕನ್ನಡದ ಶಿರಸಿ ಭಾಗದಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳು ಮನೆಮನೆಗೆ ಹರಡಿದುದೂ ದೇಶದ ಗಮನ ಸೆಳೆದ ವಿಷಯ. ಸಗಣಿಯಿಂದ ಬೆಂಕಿಯೂ ದೊರೆತು, ಉಳಿದ ರಾಡಿ ತೋಟಕ್ಕೆ ಗೊಬ್ಬರವೂ ಆಯಿತು. ಸಗಣಿ ಗುಂಡಿಯಲ್ಲಿ ಕೊಳೆತು ಗಾಳಿಗೆ ಸೇರಬಹುದಾದ ಮೀಥೇನ್ ಅನಿಲ ಒಲೆಯಲ್ಲಿ ಉರಿದುಹೋಯಿತು. ಭೂಮಿಯ ಶಾಖವನ್ನು ಹೆಚ್ಚಿಸುವುದರಲ್ಲಿ ಮೀಥೇನ್ ಬಹಳ ತೀಕ್ಷ್ಣವಾದ ಅನಿಲವೆಂಬುದನ್ನು ನೆನಪಿಡಬೇಕು.

2016ರ ಮೇ 1ರಂದು ಕೇಂದ್ರ ಸರಕಾರದ ಉಜ್ವಲಾ ಯೋಜನೆ ಆರಂಭವಾಯಿತು. ಇದುವರೆಗೆ ಹತ್ತು ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ಅಡುಗೆ ಅನಿಲದ ಸಂಪರ್ಕ ದೊರೆತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ದೇಶದಲ್ಲಿ ಸ್ವಚ್ಛ ಇಂಧನದಿಂದ ಅಡುಗೆ ಮಾಡುವ ಮನೆಗಳು 2015-16ರಲ್ಲಿ ಶೇಕಡ 44ರಷ್ಟಿದ್ದವು. 2019-21ರ ವೇಳೆಗೆ ಶೇಕಡ 59ಕ್ಕೆ ಏರಿದವು. ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಶೇಕಡ 80ರ ಸಮೀಪ.

ಆದರೆ ಸಂಪರ್ಕ ದೊರೆತ ಮಾತ್ರಕ್ಕೆ ಹೊಗೆ ನಿಲ್ಲುವುದಿಲ್ಲ. 2022ರಲ್ಲಿ ಒಂದು ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿತು. ಆ ವರ್ಷ ಉಜ್ವಲಾ ಕುಟುಂಬಗಳಿಗೆ ಪ್ರತಿ ಸಿಲಿಂಡರಿಗೆ 200 ರೂಪಾಯಿ, 2023ರ ಅಕ್ಟೋಬರಿನಿಂದ 300 ರೂಪಾಯಿ ಸಹಾಯಧನ ನೀಡಲಾಯಿತು. ಆದರೂ ಅನೇಕ ಮನೆಗಳಲ್ಲಿ ಗ್ಯಾಸ್ ಇರುವುದು ಚಹಾ ಕಾಯಿಸಲು ಮತ್ತು ಬಂದ ಅತಿಥಿಗಳಿಗೆ ಉಪ್ಪಿಟ್ಟು ಮಾಡಲು. ಜೋಳದ ರೊಟ್ಟಿ ಬೇಯುವುದು ಕಟ್ಟಿಗೆಯ ಒಲೆಯ ಮೇಲೆ, ಸ್ನಾನದ ನೀರು ಕಾಯುವುದು ಹಂಡೆಯ ಒಲೆಯಲ್ಲಿ. ದಿನದ ಹೊಗೆಯ ಬಹುಪಾಲು ಬರುವುದು ಈ ಎರಡರಿಂದಲೇ. ಔಷಧವನ್ನು ತಂದು ಗೂಡಿನಲ್ಲಿಟ್ಟರೆ ರೋಗ ಹೋಗದು, ನಿತ್ಯ ಸೇವಿಸಬೇಕು. ಸಂಪರ್ಕಗಳ ಸಂಖ್ಯೆಯನ್ನು ಎಣಿಸುವ ನೀತಿ ಅಪೂರ್ಣ. ಒಲೆ ಆರಿತೇ ಎಂದು ನೋಡುವ ನೀತಿ ಪೂರ್ಣ.

ಅಡುಗೆ ಅನಿಲವೂ ಭೂಮಿಯಿಂದ ತೆಗೆದ ಇಂಧನವೇ, ಅದರಿಂದ ಹವಾಮಾನಕ್ಕೆ ಹಾನಿಯಲ್ಲವೇ ಎಂದು ಕೆಲವರು ಪ್ರಶ್ನಿಸುತ್ತಾರೆ. ಅರೆಬರೆಯಾಗಿ ಉರಿಯುವ ಕಟ್ಟಿಗೆಯ ಒಲೆಯಿಂದ ಮಸಿ ಮತ್ತು ಮೀಥೇನ್ ಹೊರಬರುತ್ತವೆ, ಮರು ನೆಡದೆ ಕಡಿದ ಮರಗಳ ಲೆಕ್ಕವೂ ಸೇರುತ್ತದೆ. ಇವೆಲ್ಲವನ್ನೂ ಕೂಡಿಸಿದರೆ ಅನಿಲದ ಒಲೆ ಹವಾಮಾನಕ್ಕೂ ಹೆಚ್ಚಿನ ಹೊರೆಯಲ್ಲ. ಬಡ ಮನೆಯ ತಾಯಿಯ ಉಸಿರನ್ನು ಬಲಿಗೊಟ್ಟು ಭೂಮಿಯನ್ನು ತಂಪಾಗಿಸುವ ಅಗತ್ಯವಿಲ್ಲ.

ಕಲ್ಲಿದ್ದಲು ಮತ್ತು ಬಿಸಿಲು

ಒಲೆಯ ನಂತರ ದೊಡ್ಡ ಬೆಂಕಿಯ ಕಡೆಗೆ ಬರೋಣ. ನಮ್ಮ ಮನೆಯ ದೀಪಕ್ಕೆ ಬೇಕಾದ ವಿದ್ಯುತ್ತಿನ ಒಂದು ಪಾಲು ರಾಯಚೂರು ಜಿಲ್ಲೆಯ ಶಕ್ತಿನಗರ ಮತ್ತು ಯರಮರಸ್, ಬಳ್ಳಾರಿ ಜಿಲ್ಲೆಯ ಕುಡತಿನಿ ಈ ಸ್ಥಳಗಳ ಕಲ್ಲಿದ್ದಲು ಸ್ಥಾವರಗಳಿಂದ ಬರುತ್ತದೆ. ಶಕ್ತಿನಗರದ ಸ್ಥಾವರವೊಂದರದೇ ಸಾಮರ್ಥ್ಯ 1,720 ಮೆಗಾವಾಟ್. ಕಲ್ಲಿದ್ದಲು ಉರಿದಾಗ ಬೂದಿಯ ಜೊತೆಗೆ ಗಂಧಕದ ಡೈಆಕ್ಸೈಡ್ ಹೊರಬರುತ್ತದೆ. ಈ ಅನಿಲವು ಗಾಳಿಯಲ್ಲಿ ತೇಲುತ್ತ ಸೂಕ್ಷ್ಮ ಕಣಗಳಾಗಿ ಪರಿವರ್ತನೆ ಹೊಂದಿ ನೂರಾರು ಕಿಲೋಮೀಟರ್ ದೂರದವರೆಗೆ ಹೋಗಬಲ್ಲದು. ಆದ್ದರಿಂದ ಚಿಮಣಿ ನಮ್ಮ ಊರಿನಲ್ಲಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಈ ಅನಿಲವನ್ನು ಚಿಮಣಿಯಲ್ಲೇ ತೊಳೆದು ತೆಗೆಯುವ ಯಂತ್ರಗಳಿವೆ. ಅವುಗಳ ಅಗತ್ಯ ಬೀಳುವಂಥ ಮಿತಿಗಳನ್ನು ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರಿನಲ್ಲಿ ವಿಧಿಸಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಯಿತು. 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ನೀಡಲಾಯಿತು. ಯಂತ್ರದ ವೆಚ್ಚ ಹೆಚ್ಚು, ವಿದ್ಯುತ್ ದರ ಏರುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಆ ವೆಚ್ಚವನ್ನು ಸ್ಥಾವರ ಭರಿಸದಿದ್ದರೆ ಅದು ಮಾಯವಾಗುವುದಿಲ್ಲ. ರೋಗಿಯ ಔಷಧದ ಚೀಟಿಯಲ್ಲಿ, ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಮಾರ್ಗವು ಉರಿಸುವುದನ್ನೇ ಕಡಿಮೆ ಮಾಡುವುದು. ದೇಶದ ಹವಾಮಾನ ಬದಲಾವಣೆಯ ಕ್ರಿಯಾಯೋಜನೆ 2008ರಲ್ಲಿ ಪ್ರಕಟವಾದಾಗ ಅದರ ಎಂಟು ಅಭಿಯಾನಗಳಲ್ಲಿ ಸೌರಶಕ್ತಿಯದೂ ಒಂದಾಗಿತ್ತು. ಅದರ ದೊಡ್ಡ ಫಲಗಳಲ್ಲೊಂದನ್ನು ತುಮಕೂರು ಜಿಲ್ಲೆಯ ಪಾವಗಡದಲ್ಲಿ ನೋಡಬಹುದು. ಮತ್ತೆ ಮತ್ತೆ ಬರಕ್ಕೆ ಸಿಲುಕಿದ ಆ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರ ಕೊನೆಗೆ ಪೂರ್ಣಗೊಂಡಿತು. ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದುದು ಅಲ್ಲಿನ ವಿಶೇಷ. ಭೂಮಿಯಿಲ್ಲದ ಕೂಲಿಕಾರರಿಗೆ ಮತ್ತು ಕುರಿಗಾಹಿಗಳಿಗೆ ಅದರಿಂದ ದೊರೆತುದು ಕಡಿಮೆ ಎಂಬ ಮಾತೂ ಇದೆ. ಅದನ್ನು ಸರಿಪಡಿಸುವುದು ನ್ಯಾಯ. ಇಂದು ರಾಜ್ಯದ ಒಟ್ಟು ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು, ಗಾಳಿ, ಬಿಸಿಲುಗಳದು. ಬಿಸಿಲು ಗಾಳಿ ಚೆನ್ನಾಗಿರುವ ದಿನಗಳಲ್ಲಿ ಕಲ್ಲಿದ್ದಲಿನ ಘಟಕಗಳನ್ನು ಕಡಿಮೆ ನಡೆಸಬಹುದಾಗಿದೆ. ಪಾವಗಡದಲ್ಲಿ ಬಿದ್ದ ಬಿಸಿಲು ಶಕ್ತಿನಗರದ ಮಗುವಿನ ಉಸಿರನ್ನು ಹಗುರಗೊಳಿಸುವುದು ಹೀಗೆ.

ವಾಹನಗಳು ಮತ್ತು ನಗರಗಳು

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಮಟ್ಟದ ಇಂಧನ ಮತ್ತು ಹೊಸ ವಾಹನಗಳ ನಿಯಮ ಜಾರಿಗೆ ಬಂತು. ಡೀಸೆಲ್ ಮತ್ತು ಪೆಟ್ರೋಲಿನಲ್ಲಿರುವ ಗಂಧಕದ ಮಿತಿಯು ಹತ್ತು ಲಕ್ಷದಲ್ಲಿ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ನಡುವಿನ ಒಂದು ಹಂತವನ್ನು ದಾಟಿಯೇ ಈ ಹೆಜ್ಜೆ ಇಡಲಾಯಿತು ಎಂಬುದು ಮೆಚ್ಚಬೇಕಾದ ವಿಷಯ. ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳು ಓಡುತ್ತಿವೆ. ಬಸ್ಸಿನ ಹಿಂದೆ ನಿಂತ ದ್ವಿಚಕ್ರ ಸವಾರನಿಗೆ, ರಸ್ತೆ ಬದಿಯ ಹೂ ಮಾರುವವರಿಗೆ, ಸಂಚಾರ ಪೊಲೀಸರಿಗೆ ಇದರ ಲಾಭ ಅಂದೇ ದೊರೆಯುತ್ತದೆ.

2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾಯಿತು. ಇದರ ವ್ಯಾಪ್ತಿಯ ನಗರಗಳಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಸೇರಿವೆ. ಇದು ಅಗತ್ಯವಾಗಿದ್ದ ಕಾರ್ಯಕ್ರಮ. ಆದರೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ಪರಿಶೀಲಿಸಿದಾಗ, ಖರ್ಚಾದ ಹಣದಲ್ಲಿ ಶೇಕಡ 64ರಷ್ಟು ರಸ್ತೆಯ ಧೂಳನ್ನು ಕಡಿಮೆ ಮಾಡುವ ಕೆಲಸಗಳಿಗೇ ಹೋಗಿತ್ತು. ಧೂಳೂ ಹಾನಿಕರವೇ. ಆದರೆ ಉರಿಯಿಂದ ಬರುವ ಸೂಕ್ಷ್ಮ ಕಣಗಳು ದೇಹಕ್ಕೆ ಅದಕ್ಕಿಂತ ಹೆಚ್ಚು ಅಪಾಯಕಾರಿ. ರಸ್ತೆ ಗುಡಿಸಿದರೆ ಊರು ಶುಚಿಯಾಗಿ ಕಾಣುತ್ತದೆ, ಹವಾಮಾನಕ್ಕೆ ಮಾತ್ರ ಅದರಿಂದ ಯಾವ ಉಪಕಾರವೂ ಇಲ್ಲ. ಹಳ್ಳಿಗಳು ಈ ಕಾರ್ಯಕ್ರಮದ ಹೊರಗೇ ಉಳಿದಿವೆ. ಹಳ್ಳಿಯ ಗಾಳಿಯನ್ನು ಅಳೆಯುವ ಕೇಂದ್ರಗಳೂ ತೀರ ವಿರಳ. ಅಳೆಯದಿರುವುದರಿಂದ ಅದು ಶುದ್ಧವೆಂದು ನಾವು ನಂಬಿದ್ದೇವೆ.

ಎಲ್ಲ ನೀತಿಯೂ ಪಥ್ಯವಾಗದು

ಒಂದು ರೋಗಕ್ಕೆ ಕೊಟ್ಟ ಔಷಧ ಮತ್ತೊಂದು ರೋಗವನ್ನು ಹುಟ್ಟಿಸಿದರೆ ಅದು ಶುದ್ಧ ಚಿಕಿತ್ಸೆಯಲ್ಲ ಎಂದು ಚರಕರು ಹೇಳಿದ್ದಾರೆ. ಹವಾಮಾನ ನೀತಿಗಳಿಗೂ ಈ ಮಾತು ಅನ್ವಯಿಸುತ್ತದೆ. ಇದಕ್ಕೆ ಯುರೋಪಿನಲ್ಲಿ ಒಂದು ದೊಡ್ಡ ಉದಾಹರಣೆಯಿದೆ. ಡೀಸೆಲ್ ಕಾರು ಅದೇ ದೂರಕ್ಕೆ ಪೆಟ್ರೋಲ್ ಕಾರಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂಬ ಕಾರಣದಿಂದ 1990ರ ದಶಕದ ಕೊನೆಯಿಂದ ಅಲ್ಲಿನ ಹಲವು ಸರಕಾರಗಳು ತೆರಿಗೆ ರಿಯಾಯಿತಿಯ ಮೂಲಕ ಡೀಸೆಲ್ ಕಾರುಗಳಿಗೆ ಪ್ರೋತ್ಸಾಹ ನೀಡಿದವು. ಪರಿಣಾಮವಾಗಿ ನಗರಗಳ ಬೀದಿಗಳಲ್ಲಿ ಸಾರಜನಕದ ಡೈಆಕ್ಸೈಡ್ ಮತ್ತು ಮಸಿಯ ಕಣಗಳು ಕಾಡಿದವು. ಕಾಲದ ದೋಷವನ್ನು ಕಡಿಮೆ ಮಾಡಲು ಹೋಗಿ ವಾಯುವಿನ ದೋಷವನ್ನು ಹೆಚ್ಚಿಸಿದಂತಾಯಿತು. 2015ರಲ್ಲಿ ಪ್ರಸಿದ್ಧ ಜರ್ಮನ್ ತಯಾರಕರೊಬ್ಬರು ಪರೀಕ್ಷೆಯ ಸಮಯದಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ತಂತ್ರಾಂಶವನ್ನು ಅಳವಡಿಸಿದ್ದು ಬಯಲಾದ ಮೇಲೆ ಜನರ ಕಣ್ಣು ತೆರೆಯಿತು.

ಆದ್ದರಿಂದ ಯಾವುದೇ ನೀತಿಯನ್ನು ನೋಡುವಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದರಿಂದ ಭೂಮಿಯ ಶಾಖಕ್ಕೆ ಕಾರಣವಾದ ಅನಿಲ ಕಡಿಮೆಯಾಗುತ್ತದೆಯೇ? ಜನರು ಉಸಿರಾಡುವ ಸ್ಥಳದಲ್ಲಿ ಹೊಗೆ ಕಡಿಮೆಯಾಗುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಪಥ್ಯ. ಸೌರವಿದ್ಯುತ್, ಗೋಬರ್ ಗ್ಯಾಸ್, ವಿದ್ಯುತ್ ಬಸ್ಸು, ಬೆಳೆಯ ಕಸವನ್ನು ಸುಡದಿರುವುದು ಇವೆಲ್ಲ ಈ ವರ್ಗಕ್ಕೆ ಸೇರಿದವು.

ಫಲ ಎಷ್ಟು ಬೇಗ?

ನಂಬಿಕೆ ಮೂಡಿಸುವ ಎರಡು ಉದಾಹರಣೆಗಳನ್ನು ಹೇಳುತ್ತೇನೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಮನೆಗಳನ್ನು ಬೆಚ್ಚಗಿಡಲು ಹೊಗೆಯುಗುಳುವ ಕಲ್ಲಿದ್ದಲನ್ನು ಉರಿಸುತ್ತಿದ್ದರು. 1990ರ ಸೆಪ್ಟೆಂಬರ್ 1ರಿಂದ ಅದರ ಮಾರಾಟವನ್ನು ನಿಷೇಧಿಸಲಾಯಿತು. ಗಾಳಿಯಲ್ಲಿನ ಕಪ್ಪು ಹೊಗೆ ಶೇಕಡ 70ರಷ್ಟು ಇಳಿಯಿತು. ನಂತರದ ವರ್ಷಗಳಲ್ಲಿ ಶ್ವಾಸಸಂಬಂಧಿ ಮರಣಗಳು ಸುಮಾರು ಶೇಕಡ 15ರಷ್ಟು ಕಡಿಮೆಯಾದುವೆಂದು ಸಂಶೋಧಕರು ಕಂಡುಕೊಂಡರು. ಹೊಸ ಔಷಧವೇನೂ ಬಂದಿರಲಿಲ್ಲ. ಒಂದು ಆಜ್ಞೆ ಬಂದಿತ್ತು.

ಎರಡನೆಯದು ಚೀನಾದ ಬೀಜಿಂಗ್. 2013ರಲ್ಲಿ ಅಲ್ಲಿನ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 89.5 ಮೈಕ್ರೋಗ್ರಾಂ ಇತ್ತು. ಕಲ್ಲಿದ್ದಲಿನ ಸ್ಥಾವರಗಳನ್ನು ಮುಚ್ಚಿ, ಮನೆ ಮತ್ತು ಕಾರ್ಖಾನೆಗಳ ಬಾಯ್ಲರುಗಳನ್ನು ಬದಲಿಸಿ, ಹಳೆಯ ವಾಹನಗಳನ್ನು ತೆಗೆದುಹಾಕಿದ ಮೇಲೆ 2020ರಲ್ಲಿ ಅದು 38ಕ್ಕೆ ಇಳಿಯಿತು. ಏಳು ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆ. ಅಂದು ಹುಟ್ಟಿದ ಮಗು ಶಾಲೆ ಸೇರುವ ವೇಳೆಗೆ ಗಾಳಿ ಬದಲಾಗಿತ್ತು.

ನಾವು ಮಾಡಬಹುದಾದುದು

ರೋಗದ ಕಾರಣವನ್ನು ಬಿಡುವುದೇ ಚಿಕಿತ್ಸೆಯ ಸಾರ ಎಂಬುದು ಆಯುರ್ವೇದದ ಮೂಲ ಸೂತ್ರ. ಇದಕ್ಕೆ ‘ನಿದಾನ ಪರಿವರ್ಜನ’ ಎಂದು ಹೆಸರು. ಸಮಾಜದ ಮಟ್ಟದಲ್ಲಿ ಇದನ್ನು ಮಾಡುವುದು ಸರಕಾರದ ನೀತಿ, ಮನೆಯ ಮಟ್ಟದಲ್ಲಿ ಮಾಡುವುದು ನಾವು.

1. ಗ್ಯಾಸ್ ಸಂಪರ್ಕವಿರುವ ಮನೆಯವರು ರೊಟ್ಟಿ ಬೇಯಿಸುವುದನ್ನೂ ಅದರ ಮೇಲೆಯೇ ರೂಢಿಸಿಕೊಳ್ಳಬೇಕು. ಮನೆಯ ಗಂಡಸರು ಸಿಲಿಂಡರಿನ ಖರ್ಚನ್ನು ಔಷಧದ ಖರ್ಚಿನೊಂದಿಗೆ ಹೋಲಿಸಿ ನೋಡಬೇಕು.

2. ಸ್ನಾನದ ನೀರಿಗೆ ಸಾಧ್ಯವಾದವರು ಸೌರ ಹೀಟರ್ ಅಳವಡಿಸಿಕೊಳ್ಳಲಿ. ಕಟ್ಟಿಗೆಯ ಒಲೆ ಅನಿವಾರ್ಯವಾದರೆ ಅದು ಮನೆಯ ಹೊರಗಿರಲಿ, ಹೊಗೆಕೊಳವೆ ಇರಲಿ, ಒಣಗಿದ ಸೌದೆಯನ್ನೇ ಬಳಸಬೇಕು. ಗರ್ಭಿಣಿಯರು ಮತ್ತು ಎಳೆಯ ಮಕ್ಕಳು ಒಲೆಯ ಬಳಿ ಇರಬಾರದು.

3. ಎರಡು ಮೂರು ದನಗಳಿರುವವರು ಗೋಬರ್ ಗ್ಯಾಸ್ ಸ್ಥಾವರದ ಬಗೆಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬೇಕು.

4. ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುವ ಪದ್ಧತಿಯನ್ನು ರೈತ ಬಂಧುಗಳು ಬಿಡಬೇಕು. ಸಾಲುಗಳ ನಡುವೆ ಹರಡಿ ಕೊಳೆಯಿಸಿದರೆ ತೇವ ಉಳಿಯುತ್ತದೆ, ಮಣ್ಣಿಗೆ ಸಾರ ಸೇರುತ್ತದೆ. ಸುಟ್ಟರೆ ಆ ಸಾರವೇ ಹೊಗೆಯಾಗಿ ಪಕ್ಕದ ಊರಿನ ಎದೆಗೆ ಸೇರುತ್ತದೆ.

5. ಮನೆಯ ಕಸವನ್ನು, ವಿಶೇಷವಾಗಿ ಪ್ಲಾಸ್ಟಿಕ್ಕನ್ನು ಸುಡಲೇಬಾರದು. ಜಾತ್ರೆ, ಉತ್ಸವ, ಮದುವೆಗಳ ನಂತರ ಎಲೆ ಮತ್ತು ತಟ್ಟೆಗಳ ರಾಶಿಗೆ ಬೆಂಕಿಯಿಡುವುದನ್ನು ನಿಲ್ಲಿಸಬೇಕು. ಮಠಗಳ ದಾಸೋಹದ ದೊಡ್ಡ ಅಡುಗೆಮನೆಗಳಲ್ಲಿ ಸೇವೆ ಸಲ್ಲಿಸುವವರ ಆರೋಗ್ಯವೂ ಭಕ್ತರ ಕಾಳಜಿಯಾಗಬೇಕು. ಹೊಗೆಯಿಲ್ಲದ ಒಲೆಗೆ ನೀಡಿದ ಕಾಣಿಕೆ ಅನ್ನಕ್ಕೆ ನೀಡಿದ ಕಾಣಿಕೆಗೆ ಸಮ.

6. ದಮ್ಮು ಇರುವವರು ಮಂಜು ಮುಸುಕಿದ ಚಳಿಗಾಲದ ಬೆಳಗಿನಲ್ಲಿ ನಡಿಗೆಗೆ ಹೋಗದೆ ಬಿಸಿಲೇರಿದ ಮೇಲೆ ಹೋಗಬೇಕು. ಬಿಸಿನೀರು, ಲಘು ಆಹಾರ, ರಾತ್ರಿ ಬೇಗ ಊಟ ಇವು ಹಿತಕರ. ಆಯುರ್ವೇದ ಔಷಧವನ್ನು ಆರಂಭಿಸಿದೆವೆಂದು ಈಗಾಗಲೇ ಬಳಸುತ್ತಿರುವ ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸಬಾರದು. ಮಾತನಾಡಲೂ ಆಗದಷ್ಟು ಏದುಸಿರು, ತುಟಿ ಉಗುರುಗಳು ನೀಲಿಯಾಗುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

7. ಗ್ರಾಮಸಭೆಯಲ್ಲಿ ರಸ್ತೆ, ನೀರುಗಳ ಜೊತೆಗೆ ಹೊಗೆಯ ವಿಷಯವನ್ನೂ ಎತ್ತಬೇಕು. ಎಷ್ಟು ಮನೆಗಳಲ್ಲಿ ಸಿಲಿಂಡರ್ ಮರುಭರ್ತಿಯಾಗುತ್ತಿಲ್ಲ, ಏಕೆ ಎಂಬ ಲೆಕ್ಕವನ್ನು ಊರಿನವರೇ ಇಡಬಹುದು.

ವಾಯು ಮತ್ತು ಕಾಲಗಳು ಕೆಡುವುದಕ್ಕೆ ಮೂಲ ಕಾರಣವೇನೆಂದು ಅಗ್ನಿವೇಶ ಕೇಳಿದಾಗ ಆತ್ರೇಯರು ಅಧರ್ಮವನ್ನೂ, ಅದರ ಹಿಂದಿರುವ ಪ್ರಜ್ಞಾಪರಾಧವನ್ನೂ ಹೆಸರಿಸುತ್ತಾರೆ. ಹಿತಾಹಿತವನ್ನರಿಯುವ ಬುದ್ಧಿ ಜಾರಿ, ಅಹಿತವೆಂದು ಗೊತ್ತಿದ್ದುದನ್ನೂ ಮಾಡುವುದು ಪ್ರಜ್ಞಾಪರಾಧ. ಆ ಅಧರ್ಮ ಆಳುವವರಿಂದ ಆರಂಭವಾಗಿ ಊರಿನವರಿಗೂ ಹರಡುತ್ತದೆ ಎಂದು ಅಲ್ಲಿ ಬರುತ್ತದೆ. ಹೊಗೆಯಿಂದ ರೋಗ ಬರುತ್ತದೆಂದು ಇಂದು ಆಳುವವರಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿದ್ದನ್ನು ಆಚರಣೆಗೆ ತರುವುದು ಉಳಿದಿದೆ. ಕಾಲವನ್ನು ಸರಿಪಡಿಸುವುದು ಒಂದು ಪೀಳಿಗೆಯ ಕೆಲಸವಲ್ಲ. ವಾಯುವನ್ನು ಸರಿಪಡಿಸುವುದು ನಮ್ಮ ಕೈಯಳತೆಯಲ್ಲಿದೆ, ಮತ್ತು ಕಾಲವನ್ನು ಸರಿಪಡಿಸುವ ದಾರಿಯೂ ಅಲ್ಲಿಂದಲೇ ಹೋಗುತ್ತದೆ.